ಬೀದಿಯ ಹಾಡೊಂದು ಬೆಳೆದ ಬಗೆ

ಹಾಡು ಎಲ್ಲಿ ಹುಟ್ಟುತ್ತದೆ? ಅರಮನೆಯಲ್ಲಿ ಹುಟ್ಟಬಹುದು, ಗುಡಿಯಲ್ಲಿ ಹುಟ್ಟಬಹುದು. ಬೀಸುವ ಕಲ್ಲಿನ ಮುಂದೆ, ನಾಟಿಯ ಗದ್ದೆಯಲ್ಲಿ, ತೊಟ್ಟಿಲ ಬಳಿಯಲ್ಲಿಯೂ ಹುಟ್ಟಬಹುದು. ನಮ್ಮ ನಾಡಿನ ಜನಪದ ಗೀತೆಗಳಲ್ಲಿ ಬಹುಪಾಲು ಹೀಗೆ ದುಡಿಮೆಯ ನಡುವೆ ಹುಟ್ಟಿ, ಬಾಯಿಂದ ಬಾಯಿಗೆ ಹರಿದು ಬಂದವು. ಅವುಗಳನ್ನು ಕಟ್ಟಿದವರ ಹೆಸರು ನಮಗೆ ತಿಳಿಯದು. ಆದರೆ ಅವರ ಬಾಳಿನ ಬವಣೆಯೂ ಬೆಡಗೂ ಆ ಹಾಡುಗಳಿಂದಲೇ ನಮಗೆ ತಿಳಿಯುತ್ತವೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಜಗತ್ತಿನ ಅತ್ಯಂತ ಸಿರಿವಂತ ನಗರಗಳಲ್ಲಿ ಒಂದಾದ ನ್ಯೂಯಾರ್ಕಿನ ಬಡ ಬೀದಿಗಳಲ್ಲಿಯೂ ಹೀಗೆಯೇ ಒಂದು ಬಗೆಯ ಹಾಡು ಹುಟ್ಟಿತು. ಅದೇ ಇಂದು ಎಲ್ಲರೂ ಬಲ್ಲ 'ರ್ಯಾಪ್'. ಆ ಬಗೆಯ ಹಾಡುಗಳಲ್ಲಿ ೧೯೮೨ರಲ್ಲಿ ಹೊರಬಂದ 'ದಿ ಮೆಸೇಜ್' ಎಂಬುದು ಬಹು ಪ್ರಸಿದ್ಧವಾದುದು. 'ಸಂದೇಶ' ಎಂಬುದು ಆ ಹೆಸರಿನ ಅರ್ಥ. ಆ ಹಾಡು ಹೇಗೆ ಹುಟ್ಟಿತು, ಯಾರು ಅದನ್ನು ಬೇಡವೆಂದರು, ಯಾರು ಬೇಕೆಂದರು, ಜನ ಅದನ್ನು ಹೇಗೆ ಬರಮಾಡಿಕೊಂಡರು ಎಂಬುದನ್ನು ಈ ಪಾಠದಲ್ಲಿ ನೋಡೋಣ.

ರ್ಯಾಪ್ ಎಂದರೆ ರಾಗ ಎಳೆದು ಹಾಡುವ ಹಾಡಲ್ಲ. ತಾಳಕ್ಕೆ ಸರಿಯಾಗಿ, ಪ್ರಾಸಬದ್ಧವಾಗಿ, ವೇಗವಾಗಿ ನುಡಿಯುವ ಮಾತು ಅದು. ನಮ್ಮ ಹಳಗನ್ನಡದ ಕವಿಗಳು ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸವನ್ನು ಇಟ್ಟರು. ರ್ಯಾಪ್ ನುಡಿಯುವವನು ಸಾಲಿನ ಕೊನೆಯಲ್ಲಿಯೂ ನಡುವೆಯೂ ಪ್ರಾಸವನ್ನು ಇಡುತ್ತಾನೆ. ಹಿಂದೆ ಡೋಲು, ಮುಂದೆ ಮಾತು. ಮಾತು ಡೋಲಿನ ಪೆಟ್ಟನ್ನು ಬಿಟ್ಟು ಅತ್ತಿತ್ತ ಸರಿಯುವಂತಿಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಗೀಗೀ ಮೇಳವನ್ನು ಕೇಳಿದವರಿಗೆ ಇದು ತೀರ ಅಪರಿಚಿತವೆನಿಸದು. ಅಲ್ಲಿಯೂ ಹರದೇಶಿ ನಾಗೇಶಿ ಮೇಳಗಳು ರಾತ್ರಿಯಿಡೀ ಎದುರುಬದುರಾಗಿ ನಿಂತು, ಒಬ್ಬರ ಸವಾಲಿಗೆ ಇನ್ನೊಬ್ಬರು ಹಾಡಿನಲ್ಲಿಯೇ ಜವಾಬು ಕೊಡುತ್ತಾರೆ. ಎರಡಕ್ಕೂ ಚಾರಿತ್ರಿಕವಾದ ನಂಟಿಲ್ಲ. ಆದರೆ ನಾಲಗೆಯ ಚುರುಕು, ನೆನಪಿನ ಬಲ, ಎದುರಾಳಿಯನ್ನು ಮಾತಿನಲ್ಲಿ ಗೆಲ್ಲುವ ಹುಮ್ಮಸ್ಸು ಮನುಷ್ಯನಿಗೆ ಎಲ್ಲೆಡೆಯೂ ಪ್ರಿಯವಾದುವೆಂಬುದು ಇದರಿಂದ ತಿಳಿಯುತ್ತದೆ.

ಈ ಹಾಡಿನ ತವರು ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಎಂಬ ಭಾಗ. ಎರಡನೆಯ ಮಹಾಯುದ್ಧದ ತರುವಾಯ ಈ ಭಾಗದ ನಡುವೆಯೇ ಒಂದು ದೊಡ್ಡ ಹೆದ್ದಾರಿಯನ್ನು ಹಾಯಿಸಿದರು. ಅದಕ್ಕಾಗಿ ಸಾವಿರಾರು ಕುಟುಂಬಗಳು ಮನೆಗಳನ್ನು ತೆರವು ಮಾಡಬೇಕಾಯಿತು. ಅನುಕೂಲವುಳ್ಳವರು ಊರ ಹೊರಗಿನ ಬಡಾವಣೆಗಳಿಗೆ ಹೊರಟುಹೋದರು. ಕಾರ್ಖಾನೆಗಳೂ ಒಂದೊಂದಾಗಿ ಮುಚ್ಚಿದವು. ಉಳಿದವರಲ್ಲಿ ಹೆಚ್ಚಿನವರು ಆಫ್ರಿಕಾ ಮೂಲದ ಅಮೆರಿಕನ್ನರು, ಪೋರ್ಟೊ ರಿಕೊ ಹಾಗೂ ಕೆರಿಬಿಯನ್ ದ್ವೀಪಗಳಿಂದ ಬಂದ ಬಡವರು. ೧೯೭೦ರ ದಶಕದಲ್ಲಿ ದಕ್ಷಿಣ ಬ್ರಾಂಕ್ಸಿನ ಕಟ್ಟಡಗಳು ಸಾಲುಸಾಲಾಗಿ ಬೆಂಕಿಗೆ ಆಹುತಿಯಾದವು. ಬಾಡಿಗೆ ಬಾರದ ಕಟ್ಟಡಗಳಿಗೆ ವಿಮೆಯ ಹಣದ ಆಸೆಯಿಂದ ಬೆಂಕಿ ಇಡಿಸಿದ ಮಾಲೀಕರೂ ಇದ್ದರು. ೧೯೭೫ರಲ್ಲಿ ನಗರದ ಬೊಕ್ಕಸವೇ ಬರಿದಾಗುವ ಸ್ಥಿತಿಗೆ ಬಂದು, ಅಗ್ನಿಶಾಮಕ ಠಾಣೆ, ಶಾಲೆ, ಗ್ರಂಥಾಲಯಗಳ ಖರ್ಚನ್ನು ಕಡಿತಗೊಳಿಸಲಾಯಿತು. ಶಾಲೆಗಳಲ್ಲಿ ಸಂಗೀತದ ಪಾಠಗಳು ಕಡಮೆಯಾದವು. ೧೯೭೭ರ ಅಕ್ಟೋಬರಿನಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಅಲ್ಲಿಯ ಷಾರ್ಲೆಟ್ ಬೀದಿಗೆ ಬಂದಾಗ ಅವರ ಕಣ್ಣೆದುರು ಇದ್ದುದು ಇಟ್ಟಿಗೆಯ ರಾಶಿ, ಪಾಳುಬಿದ್ದ ನೆಲ. ಜಗತ್ತಿಗೆ ಸಾಲ ಕೊಡುವ ಬ್ಯಾಂಕುಗಳಿದ್ದ ಊರಿನಲ್ಲಿಯೇ ಇಂಥ ಒಂದು ಮೂಲೆಯೂ ಇತ್ತು.

ಇಂಥ ಕಡೆ ಬೆಳೆದ ಮಕ್ಕಳಿಗೆ ಪಿಟೀಲು, ಪಿಯಾನೊಗಳು ಕೈಗೆ ಎಟುಕುವ ವಸ್ತುಗಳಾಗಿರಲಿಲ್ಲ. ಎಟುಕಿದ್ದು ಮನೆಯಲ್ಲಿದ್ದ ಹಳೆಯ ಗ್ರಾಮಫೋನ್ ತಟ್ಟೆಗಳು. ಜಮೈಕಾ ದ್ವೀಪದಿಂದ ಬಂದು ಬ್ರಾಂಕ್ಸಿನಲ್ಲಿ ನೆಲಸಿದ್ದ ಕ್ಲೈವ್ ಕ್ಯಾಂಪ್‌ಬೆಲ್ ಎಂಬ ತರುಣನನ್ನು ಗೆಳೆಯರು ಕೂಲ್ ಹರ್ಕ್ ಎಂದು ಕರೆಯುತ್ತಿದ್ದರು. ೧೯೭೩ರ ಆಗಸ್ಟ್ ೧೧ರಂದು ಅವನ ತಂಗಿ ಸಿಂಡಿ, ಶಾಲೆ ಪುನಃ ಆರಂಭವಾಗುವ ಮುನ್ನ ಹೊಸ ಉಡುಪು ಕೊಳ್ಳಲು ಹಣ ಬೇಕೆಂದು, ತಮ್ಮ ವಸತಿ ಕಟ್ಟಡದ ಸಭಾಕೋಣೆಯಲ್ಲಿ ಒಂದು ನೃತ್ಯಕೂಟವನ್ನು ಏರ್ಪಡಿಸಿದಳು. ಪ್ರವೇಶಧನ ಹುಡುಗಿಯರಿಗೆ ೨೫ ಸೆಂಟು, ಹುಡುಗರಿಗೆ ೫೦ ಸೆಂಟು. ತಟ್ಟೆಗಳನ್ನು ನುಡಿಸಿದವನು ಅಣ್ಣ. ಹಾಡಿನ ನಡುವೆ ಗಾಯನ ನಿಂತು ಬರಿಯ ಡೋಲು ಮೊಳಗುವ ತುಣುಕು ಬಂದಾಗ ಕುಣಿಯುವವರ ಉತ್ಸಾಹ ಉಕ್ಕುವುದನ್ನು ಅವನು ಗಮನಿಸಿದ್ದನು. ಒಂದೇ ಹಾಡಿನ ಎರಡು ತಟ್ಟೆಗಳನ್ನು ಎರಡು ಯಂತ್ರಗಳ ಮೇಲಿಟ್ಟು, ಒಂದರಲ್ಲಿ ಆ ತುಣುಕು ಮುಗಿಯುತ್ತಲೇ ಇನ್ನೊಂದರಲ್ಲಿ ಅದನ್ನೇ ಆರಂಭಿಸಿ, ಆ ಕ್ಷಣವನ್ನು ಬೇಕಾದಷ್ಟು ಹೊತ್ತು ಹಿಗ್ಗಿಸುವ ಉಪಾಯವನ್ನು ಅವನು ಕಂಡುಕೊಂಡನು. ಒಬ್ಬ ಹುಡುಗಿಯ ಶಾಲೆಯ ಉಡುಪಿನ ಅಗತ್ಯದಿಂದ ನಡೆದ ಆ ಕೂಟವನ್ನೇ ಇಂದು ಹಿಪ್‌ಹಾಪ್ ಎಂಬ ಕಲೆಯ ಹುಟ್ಟುಹಬ್ಬವೆಂದು ಎಣಿಸುತ್ತಾರೆ. ೨೦೨೩ರಲ್ಲಿ ಅದರ ಸುವರ್ಣೋತ್ಸವವೂ ನಡೆಯಿತು.

ಈ ಉಪಾಯವನ್ನು ಶಾಸ್ತ್ರದಂತೆ ಬೆಳೆಸಿದವನು ಜೋಸೆಫ್ ಸ್ಯಾಡ್ಲರ್. ಬಾರ್ಬಡೋಸ್ ದ್ವೀಪದಲ್ಲಿ ಹುಟ್ಟಿ ಬ್ರಾಂಕ್ಸಿನಲ್ಲಿ ಬೆಳೆದ ಈತ ವೃತ್ತಿಶಿಕ್ಷಣದ ಪ್ರೌಢಶಾಲೆಯೊಂದರಲ್ಲಿ ವಿದ್ಯುದುಪಕರಣಗಳ ವಿಷಯವನ್ನು ಕಲಿತಿದ್ದನು. ತಟ್ಟೆಯ ಮೇಲೆ ಬಣ್ಣದ ಕಡ್ಡಿಯಿಂದ ಗುರುತು ಮಾಡಿ, ಬೇಕಾದ ತುಣುಕು ಎಲ್ಲಿ ಮೊದಲಾಗುತ್ತದೆಂಬುದನ್ನು ಗಡಿಯಾರದ ಮುಳ್ಳನ್ನು ನೋಡಿದಂತೆ ನೋಡಿ ತಿಳಿಯುತ್ತಿದ್ದನು. ಸುತ್ತುತ್ತಿರುವ ತಟ್ಟೆಯನ್ನು ಬೆರಳಿನಿಂದ ಹಿಡಿದು ಹಿಂದಕ್ಕೆ ತಿರುಗಿಸುತ್ತಿದ್ದನು. ಸಭೆಗೆ ಒಂದು ತಟ್ಟೆ ಕೇಳುತ್ತಿರುವಾಗಲೇ ಇನ್ನೊಂದನ್ನು ತಾನೊಬ್ಬನೇ ಕಿವಿಯಲ್ಲಿ ಆಲಿಸುವಂತೆ ಒಂದು ಸ್ವಿಚ್ಚನ್ನೂ ತಾನೇ ಜೋಡಿಸಿಕೊಂಡನು. ಅವನ ಕೈಚಳಕವನ್ನು ಕಂಡು ಜನ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಷ್ ಎಂಬ ಬಿರುದನ್ನು ಕೊಟ್ಟರು. ಅವನ ತಟ್ಟೆಗಳ ತಾಳಕ್ಕೆ ಮಾತನ್ನು ಹೊಸೆಯುತ್ತಿದ್ದ ಐವರು ಗೆಳೆಯರ ತಂಡಕ್ಕೆ 'ಫ್ಯೂರಿಯಸ್ ಫೈವ್' ಎಂಬ ಹೆಸರಾಯಿತು. ಆ ಐವರಲ್ಲಿ ಮೆಲ್ವಿನ್ ಗ್ಲೋವರ್, ಅಂದರೆ ಮೆಲಿ ಮೆಲ್ ಎಂಬವನು ಮಾತಿನ ಮಲ್ಲನೆನಿಸಿದ್ದನು.

ಮೊದಲ ಆರು ವರ್ಷಗಳು ಈ ಕಲೆ ಉದ್ಯಾನಗಳಲ್ಲಿ, ನೃತ್ಯಕೂಟಗಳಲ್ಲಿ ಮಾತ್ರ ಉಳಿದಿತ್ತು. ರಾತ್ರಿ ನುಡಿದದ್ದು ಬೆಳಗಾಗುವುದರೊಳಗೆ ಗಾಳಿಯಲ್ಲಿ ಕರಗಿಹೋಗುತ್ತಿತ್ತು. ಕೆಲವರು ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟದ್ದಷ್ಟೇ ಉಳಿಕೆ. ಇದನ್ನು ತಟ್ಟೆಯಾಗಿ ಮಾರಬಹುದೆಂದು ಬಲವಾಗಿ ನಂಬಿದವರು ಸಿಲ್ವಿಯಾ ರಾಬಿನ್‌ಸನ್ ಎಂಬ ಮಹಿಳೆ. ಸ್ವತಃ ಹೆಸರಾಂತ ಗಾಯಕಿಯಾಗಿದ್ದ ಆಕೆ ಪತಿಯೊಡನೆ ಸೇರಿ ನ್ಯೂಜೆರ್ಸಿ ರಾಜ್ಯದ ಎಂಗಲ್‌ವುಡ್‌ನಲ್ಲಿ 'ಷುಗರ್ ಹಿಲ್ ರೆಕಾರ್ಡ್ಸ್' ಎಂಬ ಸಂಸ್ಥೆಯನ್ನು ನಡೆಸುತ್ತಿದ್ದರು. ೧೯೭೯ರಲ್ಲಿ ಅವರು ಹೊರತಂದ 'ರ್ಯಾಪರ್ಸ್ ಡಿಲೈಟ್' ಎಂಬ ತಟ್ಟೆ ಅಮೆರಿಕದ ಮುಖ್ಯ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ೩೬ನೆಯ ಸ್ಥಾನಕ್ಕೇರಿತು. ಅದರಿಂದ ರ್ಯಾಪ್ ದೇಶಕ್ಕೆಲ್ಲ ಪರಿಚಯವಾಯಿತು. ಆದರೆ ಆಗಿನ ಹಾಡುಗಳಲ್ಲಿ ಹೆಚ್ಚಿನವು ನುಡಿಯುವವನ ಬಡಾಯಿ, ಕುಣಿತದ ಕರೆ, ಸರಸ ಇವುಗಳಿಂದಲೇ ತುಂಬಿದ್ದವು. ಬಡತನದ ಕಷ್ಟವನ್ನು ನುಡಿದ ಒಂದೆರಡು ತಟ್ಟೆಗಳು ಬಂದಿದ್ದರೂ ಅವು ಮುಖ್ಯಧಾರೆಯಾಗಿರಲಿಲ್ಲ. ಹಣ ತೆತ್ತು ಕುಣಿಯಲು ಬಂದವರಿಗೆ ಅಳಲನ್ನು ಕೇಳಿಸುವುದು ಹೇಗೆ ಎಂಬುದು ಎಲ್ಲರ ಭಾವನೆಯಾಗಿತ್ತು.

ಆ ಸಂಸ್ಥೆಯಲ್ಲಿ ಎಡ್ ಫ್ಲೆಚರ್ ಎಂಬ ವಾದ್ಯಗಾರನಿದ್ದನು. ಡ್ಯೂಕ್ ಬೂಟಿ ಎಂಬುದು ಅವನ ರಂಗನಾಮ. ಆತ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಓದಿದವನು. ಬ್ರಾಂಕ್ಸಿನವನಲ್ಲ, ನ್ಯೂಜೆರ್ಸಿಯ ಎಲಿಜಬೆತ್ ಎಂಬ ಊರಿನವನು. ೧೯೮೦ರ ಏಪ್ರಿಲ್ ತಿಂಗಳಿನಲ್ಲಿ ನ್ಯೂಯಾರ್ಕಿನ ಬಸ್ಸು, ರೈಲುಗಳ ನೌಕರರು ಮುಷ್ಕರ ಹೂಡಿದರು. ಹನ್ನೊಂದು ದಿನ ನಗರದ ಓಡಾಟವೇ ನಿಂತಂತಾಯಿತು. ಆ ದಿನಗಳ ತಳಮಳ ಫ್ಲೆಚರನ ಮನಸ್ಸಿನಲ್ಲಿ ಹಾಡಿನ ಬೀಜವಾಯಿತು. ತಾನು ಕಿಟಕಿಯಿಂದ ಕಂಡ ಬೀದಿ, ನೆರೆಹೊರೆಯವರ ಪಾಡು, ಕೈ ತಪ್ಪಿದ ಕೆಲಸ, ತೀರದ ಸಾಲ, ಇಲಿ ಜಿರಲೆಗಳ ಕಾಟ, ಮನೆಯಿಂದ ಹೊರಗೆ ಕಾಲಿಟ್ಟರೆ ಭಯ ಇವನ್ನೆಲ್ಲ ಅವನು ಸಾಲುಗಳಾಗಿ ಜೋಡಿಸಿದನು. ಇದರಲ್ಲಿ ಯಾವ ನಾಯಕನೂ ಇಲ್ಲ, ಯಾವ ಸಾಹಸವೂ ಇಲ್ಲ. ದಿನವೂ ಒತ್ತಡಕ್ಕೆ ಸಿಕ್ಕಿ, ಇನ್ನು ತಡೆಯಲಾರೆನೆಂಬ ಅಂಚಿಗೆ ಬಂದು ನಿಂತ ಒಬ್ಬ ಸಾಮಾನ್ಯ ಮನುಷ್ಯನ ಮಾತು ಇದೆ, ಅಷ್ಟೆ.

ಸಿಲ್ವಿಯಾ ರಾಬಿನ್‌ಸನ್ ಈ ಹಾಡನ್ನು ಕೇಳಿ ಮೆಚ್ಚಿದರು. ಇದನ್ನು ಫ್ಲ್ಯಾಷ್ ತಂಡದಿಂದ ನುಡಿಸಬೇಕೆಂದು ಅವರು ನಿಶ್ಚಯಿಸಿದರು. ಆದರೆ ತಂಡದವರು ಹಿಂಜರಿದರು. ಅವರ ಹಿಂಜರಿಕೆಯನ್ನು ನಾವು ಹಗುರಾಗಿ ಕಾಣಬಾರದು. ಅವರು ಆ ಬೀದಿಗಳ ಮಕ್ಕಳೇ. ವಾರವೆಲ್ಲ ಆ ಕಷ್ಟವನ್ನು ಉಂಡು, ವಾರದ ಕೊನೆಗೆ ಅದನ್ನು ಮರೆಯಲು ಬರುವ ಜನರನ್ನು ಅವರು ಕಣ್ಣಾರೆ ಕಂಡಿದ್ದರು. ಮರೆಯಲು ಬಂದವರಿಗೆ ನೆನಪು ಮಾಡಿಕೊಡುವುದು ನ್ಯಾಯವೇ? ಈ ಹಾಡಿನಲ್ಲಿ ಕುಣಿತವಿಲ್ಲ, ನಡೆ ನಿಧಾನ, ಏಳು ನಿಮಿಷಗಳಿಗೂ ಮೀರಿದ ಉದ್ದ ಬೇರೆ. ಇದು ಓಡುವುದೆಂದು ಯಾರಿಗೂ ತೋರಲಿಲ್ಲ. ಆದರೆ ಸಿಲ್ವಿಯಾ ತಮ್ಮ ಹಟವನ್ನು ಬಿಡಲಿಲ್ಲ. ಕೊನೆಗೆ ಐವರಲ್ಲಿ ಮೆಲಿ ಮೆಲ್ ಒಬ್ಬನೇ ಒಪ್ಪಿಕೊಂಡನು.

ಹೀಗೆ ಧ್ವನಿಮುದ್ರಣವಾದ ತಟ್ಟೆಯಲ್ಲಿ ಕೇಳಿಬರುವ ಮುಖ್ಯ ಕಂಠಗಳು ಎರಡೇ: ಒಂದು ಫ್ಲೆಚರನದು, ಇನ್ನೊಂದು ಮೆಲಿ ಮೆಲ್‌ನದು. ವಿದ್ಯುತ್ ವಾದ್ಯಗಳಿಂದ ಹೊಮ್ಮಿದ ಒಂದು ಚಿಕ್ಕ ಸ್ವರಮಾಲೆ ಮತ್ತೆ ಮತ್ತೆ ಮರಳಿ ಬರುತ್ತದೆ. ಬಿಡುಗಡೆಯಿಲ್ಲದ ಬಾಳಿನ ಚಕ್ರದಂತೆ ಅದು ತೋರುತ್ತದೆ. ಆಗಿನ ಇತರ ರ್ಯಾಪ್ ತಟ್ಟೆಗಳಿಗಿಂತ ತಾಳ ನಿಧಾನವಾದುದರಿಂದ ಪ್ರತಿಯೊಂದು ಪದವೂ ಕಿವಿಗೆ ಬಿಡಿಯಾಗಿ ಬೀಳುತ್ತದೆ. ಅವಸರದಲ್ಲಿ ಮಾತು ಮರೆಯಾಗುವುದಿಲ್ಲ. ಬೇಡವೆಂದು ಅನಿಸಿದ್ದ ಆ ನಿಧಾನವೇ ಹಾಡಿನ ಬಲವಾಯಿತು.

ಹಾಡಿನ ಕೊನೆಯ ಭಾಗವನ್ನು ಮೆಲಿ ಮೆಲ್ ಹೊಸದಾಗಿ ಬರೆಯಲಿಲ್ಲ. ೧೯೭೯ರಲ್ಲಿ ತಂಡವು ಬೇರೊಂದು ಸಂಸ್ಥೆಗಾಗಿ ಮಾಡಿದ್ದ ತಟ್ಟೆಯೊಂದರಲ್ಲಿ ತಾನು ನುಡಿದಿದ್ದ ಭಾಗವನ್ನೇ ಇಲ್ಲಿ ತಂದು ಕೂಡಿಸಿದನು. ಅಲ್ಲಿ ಅದು ಸಂಭ್ರಮದ ಮಾತುಗಳ ನಡುವೆ ಹುದುಗಿಹೋಗಿತ್ತು. ಇಲ್ಲಿ ಅದಕ್ಕೆ ತಕ್ಕ ನೆಲೆ ದೊರೆಯಿತು. ಆ ಭಾಗದಲ್ಲಿ ಒಂದು ಮಗುವಿನ ಕಥೆಯಿದೆ. ಕೊಳೆಗೇರಿಯಲ್ಲಿ ಹುಟ್ಟಿದ ಹಸುಳೆ, ಬೆಳೆಯುತ್ತ ತನ್ನ ಸುತ್ತ ಹಣವಂತರಾಗಿ ಮೆರೆಯುವವರನ್ನು ನೋಡುತ್ತದೆ. ಹಾಗೆ ಮೆರೆಯುವವರು ಜೂಜುಗಾರರು, ಕಳ್ಳರು, ಪುಂಡರು. ಅವರಂತೆಯೇ ಆಗಬೇಕೆಂದು ಹುಡುಗನು ಬಯಸುತ್ತಾನೆ. ಪ್ರೌಢಶಾಲೆಯನ್ನು ಅರ್ಧಕ್ಕೆ ಬಿಡುತ್ತಾನೆ. ಕೆಲಸ ಸಿಕ್ಕುವುದಿಲ್ಲ. ದರೋಡೆಗೆ ಇಳಿದು ಸೆರೆಮನೆಗೆ ಹೋಗುತ್ತಾನೆ. ಅಲ್ಲಿಯೇ ಎಳೆಯ ವಯಸ್ಸಿನಲ್ಲಿ ಪ್ರಾಣ ಬಿಡುತ್ತಾನೆ. ಕವಿ ಇಲ್ಲಿ ಹುಡುಗನನ್ನು ಬೈಯುವುದೂ ಇಲ್ಲ, ಹೊಗಳುವುದೂ ಇಲ್ಲ. ಅವನ ಮುಂದೆ ಬೇರೆ ಯಾವ ದಾರಿ ಇತ್ತೆಂದು ನಮ್ಮನ್ನು ಯೋಚಿಸುವಂತೆ ಮಾಡುತ್ತಾನೆ. ಪದ್ಯ ಮುಗಿದ ಮೇಲೆ ಒಂದು ಪುಟ್ಟ ದೃಶ್ಯವೂ ಧ್ವನಿಮುದ್ರಣದಲ್ಲಿದೆ. ಬೀದಿಯ ಮೂಲೆಯಲ್ಲಿ ಗೆಳೆಯರು ನಿಂತು ಹರಟುತ್ತಿರುತ್ತಾರೆ. ಪೋಲೀಸರು ಬಂದು, ಅವರ ಮಾತನ್ನು ಕೇಳದೆ, ಹಿಡಿದೊಯ್ಯುತ್ತಾರೆ. ತಟ್ಟೆಯಲ್ಲಿ ಫ್ಲ್ಯಾಷ್ ಮತ್ತು ಉಳಿದ ಗೆಳೆಯರ ಪಾಲು ಈ ದೃಶ್ಯ ಮಾತ್ರ.

೧೯೮೨ರ ಜುಲೈನಲ್ಲಿ ತಟ್ಟೆ ಬಿಡುಗಡೆಯಾಯಿತು. ಓಡಲಾರದೆಂದು ಎಲ್ಲರೂ ಎಣಿಸಿದ್ದ ಹಾಡು ಬೇಸಗೆಯ ಆ ದಿನಗಳಲ್ಲಿ ನ್ಯೂಯಾರ್ಕಿನ ಕಿಟಕಿಕಿಟಕಿಗಳಿಂದ ಕೇಳಿಬರತೊಡಗಿತು. ಆಫ್ರಿಕಾ ಮೂಲದ ಅಮೆರಿಕನ್ನರ ಅಭಿರುಚಿಯನ್ನು ತೋರಿಸುವ ಬಿಲ್‌ಬೋರ್ಡ್ ಪತ್ರಿಕೆಯ ಪಟ್ಟಿಯಲ್ಲಿ ಅದು ೪ನೆಯ ಸ್ಥಾನಕ್ಕೆ ಏರಿತು. ಅದೇ ಪತ್ರಿಕೆಯ ಸರ್ವಸಾಮಾನ್ಯ ಪಟ್ಟಿಯಲ್ಲಿ ಅದಕ್ಕೆ ದೊರೆತದ್ದು ೬೨ನೆಯ ಸ್ಥಾನ. ಅಟ್ಲಾಂಟಿಕ್ ಸಾಗರದ ಆಚೆ, ಇಂಗ್ಲೆಂಡಿನಲ್ಲಿ, ಅದು ೮ನೆಯ ಸ್ಥಾನವನ್ನು ಪಡೆಯಿತು. ಈ ಮೂರು ಅಂಕಿಗಳನ್ನು ವಿದ್ಯಾರ್ಥಿಗಳು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಬೇಕು. ಒಂದೇ ದೇಶದಲ್ಲಿ, ಒಂದೇ ಕಾಲದಲ್ಲಿ, ಒಂದು ಜನವರ್ಗಕ್ಕೆ ಅತ್ಯಂತ ಪ್ರಿಯವಾದ ಹಾಡು ಇನ್ನೊಂದು ಜನವರ್ಗದ ಕಿವಿಗೆ ಅಷ್ಟಾಗಿ ತಲುಪಲಿಲ್ಲ. ಆದರೆ ಸಾಗರದಾಚೆಯ ಜನಕ್ಕೆ ತಲುಪಿತು. ಹಾಡಿನ ಗುಣವೊಂದೇ ಅದರ ಸ್ಥಾನವನ್ನು ನಿರ್ಧರಿಸುವುದಿಲ್ಲ. ರೇಡಿಯೊ ನಿಲಯಗಳು ಯಾವುದನ್ನು ಪ್ರಸಾರ ಮಾಡುತ್ತವೆ, ಅಂಗಡಿಗಳು ಯಾವುದನ್ನು ಮುಂದಿಡುತ್ತವೆ ಎಂಬುದೂ ಅದನ್ನು ನಿರ್ಧರಿಸುತ್ತದೆ.

ವಿಮರ್ಶಕರು ಈ ಹಾಡನ್ನು ಬಹುವಾಗಿ ಕೊಂಡಾಡಿದರು. ರ್ಯಾಪ್ ಎಂಬುದು ಒಂದೆರಡು ವರ್ಷದ ಹುಚ್ಚು, ಬೇಗ ಮರೆಯಾಗುವುದೆಂದು ತಿಳಿದಿದ್ದವರು ಮತ್ತೆ ಯೋಚಿಸಬೇಕಾಯಿತು. ಪತ್ರಿಕೆಯ ವರದಿಗಾರನು ಹೊರಗಿನಿಂದ ಬಂದು ಬಡ ಬೀದಿಯನ್ನು ಕುರಿತು ಬರೆಯುವುದು ಒಂದು. ಆ ಬೀದಿಯ ದನಿಯೇ ತನ್ನ ಕಥೆಯನ್ನು ನುಡಿಯುವುದು ಇನ್ನೊಂದು. ಈ ಎರಡನೆಯದಕ್ಕೆ ರ್ಯಾಪ್ ತಕ್ಕ ಸಾಧನವೆಂಬುದು 'ದಿ ಮೆಸೇಜ್'ನಿಂದ ಎಲ್ಲರಿಗೂ ಮನದಟ್ಟಾಯಿತು. ಮುಂದೆ ಬಂದ ರನ್ ಡಿಎಂಸಿ, ಪಬ್ಲಿಕ್ ಎನಿಮಿ ಮುಂತಾದ ತಂಡಗಳು ಸಮಾಜದ ನೋವನ್ನು ನುಡಿಯಲು ಹಿಂಜರಿಯಲಿಲ್ಲ.

ಆದರೆ ಗೆಲುವಿನ ಕಥೆ ಇಲ್ಲಿಗೆ ಸುಖವಾಗಿ ಮುಗಿಯಲಿಲ್ಲ. ತಟ್ಟೆಯ ಮೇಲೆ ದೊಡ್ಡದಾಗಿ ಅಚ್ಚಾದದ್ದು ಫ್ಲ್ಯಾಷ್ ಮತ್ತು ಅವನ ತಂಡದ ಹೆಸರು. ಹಾಡಿನ ಹೆಚ್ಚು ಭಾಗವನ್ನು ಬರೆದ ಫ್ಲೆಚರನ ಮುಖ ಜನಕ್ಕೆ ಕಾಣಲಿಲ್ಲ. ಹಾಡಿನ ಚಲನಚಿತ್ರಿಕೆಯಲ್ಲಿ ಅವನ ಸಾಲುಗಳಿಗೆ ತುಟಿ ಆಡಿಸಿದವನು ತಂಡದ ಇನ್ನೊಬ್ಬ ಸದಸ್ಯನಾದ ರಹೀಮ್. ಇತ್ತ, ತಾನು ಮಾಡದ ಹಾಡಿನಿಂದ ಜಗತ್ಪ್ರಸಿದ್ಧನಾದ ಫ್ಲ್ಯಾಷ್‌ಗೂ ನೆಮ್ಮದಿ ದೊರೆಯಲಿಲ್ಲ. ೧೯೮೩ರಲ್ಲಿ ಸಂಭಾವನೆಯ ವಿಷಯವಾಗಿ, ತಂಡದ ಹೆಸರಿನ ಹಕ್ಕಿನ ವಿಷಯವಾಗಿ ಅವನಿಗೂ ಸಂಸ್ಥೆಗೂ ವ್ಯಾಜ್ಯ ಹುಟ್ಟಿ ನ್ಯಾಯಾಲಯದ ಮೆಟ್ಟಿಲೇರಿತು. ತಂಡ ಎರಡಾಗಿ ಒಡೆಯಿತು. ಕೆಲವೇ ವರ್ಷಗಳಲ್ಲಿ ಸಂಸ್ಥೆಯೂ ಮುಚ್ಚಿತು. ಬೀದಿಯಲ್ಲಿ ಕೂಡಿ ನುಡಿದ ಗೆಳೆಯರನ್ನು ಬಡತನ ಒಡೆಯಲಿಲ್ಲ; ಹೆಸರೂ ಹಣವೂ ಒಡೆದವು.

ಹಾಗಾದರೆ ಈ ಹಾಡು ಯಾರದು? ಮೊದಲ ಸಾಲುಗಳನ್ನು ಬರೆದ ಫ್ಲೆಚರನದೇ? ಕೊನೆಯ ಕಥೆಯನ್ನು ಕೊಟ್ಟ ಮೆಲಿ ಮೆಲ್‌ನದೇ? ಎಲ್ಲರೂ ಬೇಡವೆಂದಾಗ ಹಟ ಹಿಡಿದು ಮಾಡಿಸಿದ ಸಿಲ್ವಿಯಾ ಅವರದೇ? ಈ ಕಲೆಯ ಮೂಲವಿದ್ಯೆಯನ್ನು ಬೆಳೆಸಿದ ಫ್ಲ್ಯಾಷನದೇ? ಸ್ವರ ಕೂಡಿಸಿದ ವಾದ್ಯಗಾರರದೇ? ಕಾನೂನಿನ ಕಾಗದದಲ್ಲಿ ಇದಕ್ಕೆ ಒಂದು ಉತ್ತರವಿರಬಹುದು. ಕಲೆಯ ಲೋಕದಲ್ಲಿ ಉತ್ತರ ಅಷ್ಟು ಸುಲಭವಲ್ಲ. ನಮ್ಮ ಜನಪದ ಗೀತೆಗಳಿಗೆ ಹೆಸರಿಲ್ಲದ ಕವಿಗಳಿದ್ದಂತೆ, ಹೆಸರು ಅಚ್ಚಾದ ಹಾಡುಗಳ ಹಿಂದೆಯೂ ಹೆಸರು ಅಚ್ಚಾಗದ ಕೈಗಳು ಅನೇಕವಿರುತ್ತವೆ. ಯಾವುದೇ ಕೃತಿಯನ್ನು ಮೆಚ್ಚುವಾಗ ಆ ಕೈಗಳನ್ನು ನೆನೆಯುವುದು ಒಳ್ಳೆಯ ಓದುಗನ, ಒಳ್ಳೆಯ ಶ್ರೋತೃವಿನ ಧರ್ಮ.

ಕಾಲ ಕಳೆದಂತೆ ಹಾಡಿನ ಗೌರವ ಹೆಚ್ಚಿತು. ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್, ಮುಂದಿನ ತಲೆಮಾರುಗಳಿಗಾಗಿ ಕಾಪಾಡಬೇಕಾದ ಧ್ವನಿಮುದ್ರಣಗಳ ಒಂದು ರಾಷ್ಟ್ರೀಯ ದಾಖಲೆಯನ್ನು ಮಾಡಿತು. ೨೦೦೨ರ ಸಾಲಿನ ಮೊತ್ತಮೊದಲ ೫೦ ಧ್ವನಿಮುದ್ರಣಗಳಲ್ಲಿಯೇ 'ದಿ ಮೆಸೇಜ್' ಸೇರಿತು. ೨೦೦೭ರಲ್ಲಿ ಫ್ಲ್ಯಾಷ್ ತಂಡವು ಅಮೆರಿಕದ ರಾಕ್ ಅಂಡ್ ರೋಲ್ ಕೀರ್ತಿಮಂದಿರಕ್ಕೆ ಆಯ್ಕೆಯಾದ ಮೊದಲ ಹಿಪ್‌ಹಾಪ್ ತಂಡವೆನಿಸಿತು. ೨೦೧೨ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆಯು ಹಿಪ್‌ಹಾಪ್ ಗೀತೆಗಳಲ್ಲಿ ಇದಕ್ಕೇ ಮೊದಲ ಸ್ಥಾನವನ್ನು ಕೊಟ್ಟಿತು. ಒಮ್ಮೆ ಬೀದಿಯ ಗದ್ದಲವೆಂದು ತಳ್ಳಿಹಾಕಿದ ಕಲೆಗೆ ೨೦೧೮ರಲ್ಲಿ ಕೆಂಡ್ರಿಕ್ ಲಮಾರ್ ಎಂಬ ಕಲಾವಿದನ ಮೂಲಕ ಸಂಗೀತದ ಪುಲಿಟ್ಜರ್ ಪ್ರಶಸ್ತಿಯೂ ಸಂದಿತು. ಇಂದು ಈ ಬಗೆಯ ನುಡಿಗಾರಿಕೆ ನಮ್ಮ ನಾಡಿಗೂ ಬಂದಿದೆ. ಕನ್ನಡದ ತರುಣರು ತಮ್ಮ ಊರಿನ ಆಡುಮಾತಿನಲ್ಲಿಯೇ ರ್ಯಾಪ್ ಕಟ್ಟುತ್ತಿದ್ದಾರೆ. ಅದರಲ್ಲಿ ಜೊಳ್ಳೂ ಉಂಟು, ಕಾಳೂ ಉಂಟು. ಕೇರುವ ಕೆಲಸ ಕೇಳುವವನದು.

ಡ್ಯೂಕ್ ಬೂಟಿ ಎಂಬ ಎಡ್ ಫ್ಲೆಚರ್ ಮುಂದೇನಾದನೆಂಬ ಕುತೂಹಲ ವಿದ್ಯಾರ್ಥಿಗಳಿಗೆ ಸಹಜ. ಆತ ಸಂಗೀತದ ವ್ಯಾಪಾರದಿಂದ ಹಿಂದೆ ಸರಿದು, ಮತ್ತೆ ಓದಿ, ಅಧ್ಯಾಪಕನಾದನು. ಶಾಲೆಗಳಲ್ಲಿ ಪಾಠ ಹೇಳಿ, ಕೊನೆಗೆ ಜಾರ್ಜಿಯಾ ರಾಜ್ಯದ ಸವಾನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬೋಧಿಸಿದನು. ೨೦೨೧ರ ಜನವರಿಯಲ್ಲಿ ತನ್ನ ೬೯ನೆಯ ವಯಸ್ಸಿನಲ್ಲಿ ತೀರಿಕೊಂಡನು. ಶಾಲೆಯನ್ನು ಬಿಟ್ಟು ಬಾಳನ್ನೇ ಕಳೆದುಕೊಂಡ ಹುಡುಗನ ಕಥೆಯಿರುವ ಹಾಡನ್ನು ಮೊದಲಿಟ್ಟವನು, ತನ್ನ ಉಳಿದ ಬಾಳನ್ನು ತರಗತಿಯ ಹುಡುಗರ ಎದುರಿನಲ್ಲಿ ಕಳೆದನು. ಬಹುಕಾಲ ತರಗತಿಯಲ್ಲಿ ನಿಂತು ಪಾಠ ಹೇಳಿದ ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಮನಮುಟ್ಟುವ ಸಂಗತಿ ಇದು. ಹಿಂದಿನ ಬೆಂಚಿನಲ್ಲಿ ಕುಳಿತು ಒಂದು ದಿನ ಬಾರದೆ ಹೋದ ಹುಡುಗರ ಹಾಜರಿಯನ್ನು ಕೂಗಿ, ಉತ್ತರಕ್ಕಾಗಿ ಒಂದು ಗಳಿಗೆ ಕಾದು, ಮುಂದಿನ ಹೆಸರಿಗೆ ಹೋದ ಅನುಭವ ಪ್ರತಿಯೊಬ್ಬ ಉಪಾಧ್ಯಾಯನಿಗೂ ಇದ್ದೇ ಇರುತ್ತದೆ. ಆ ಹುಡುಗರು ಏಕೆ ಬಾರದೆ ಹೋದರೆಂದು ನಾವು ಎಷ್ಟು ಬಾರಿ ಕೇಳಿದ್ದೇವೆ?

ಹಾಡು ಹಸಿವನ್ನು ನೀಗಿಸಲಾರದು, ಸುಟ್ಟ ಮನೆಯನ್ನು ಕಟ್ಟಿಕೊಡಲಾರದು. 'ದಿ ಮೆಸೇಜ್' ಬಂದ ಮರುದಿನ ಬ್ರಾಂಕ್ಸಿನ ಬೀದಿಗಳು ಹಸನಾಗಲಿಲ್ಲ. ಹಸನಾಗಲು ಅಲ್ಲಿಯ ನಿವಾಸಿಗಳೂ ಸಂಘಗಳೂ ಸರಕಾರವೂ ಬಹಳ ವರ್ಷ ದುಡಿಯಬೇಕಾಯಿತು. ಆದರೆ ಇದ್ದದ್ದನ್ನು ಇದ್ದಂತೆ ಹೇಳುವುದೇ ಬದಲಾವಣೆಯ ಮೊದಲ ಹೆಜ್ಜೆ. ಮರೆಯಲು ಬಂದವರಿಗೆ ನೆನಪು ಮಾಡಿಕೊಡುವುದು ನ್ಯಾಯವೇ ಎಂದು ತಂಡದವರು ಅಂದು ಹಿಂಜರಿದಿದ್ದರು. ಜನರೇ ಅದಕ್ಕೆ ಉತ್ತರ ಕೊಟ್ಟರು. ಅವರು ಆ ಹಾಡನ್ನು ಕೊಂಡರು, ಕೇಳಿದರು, ಕಂಠಪಾಠ ಮಾಡಿದರು. ತಮ್ಮ ನೋವನ್ನು ತಮ್ಮದೇ ದನಿಯಲ್ಲಿ ಕೇಳುವುದೂ ಮನುಷ್ಯನಿಗೆ ಒಂದು ಸಮಾಧಾನ. ತಾನು ಒಂಟಿಯಲ್ಲ ಎಂಬ ತಿಳಿವು ಅದರಿಂದ ಬರುತ್ತದೆ. ಆ ತಿಳಿವನ್ನು ಕೊಟ್ಟದ್ದೇ ಈ ಬೀದಿಯ ಹಾಡಿನ ಹಿರಿಮೆ.

ಪದಗಳ ಅರ್ಥ

ಉತ್ತರಾರ್ಧ – ಎರಡನೆಯ ಅರ್ಧ. ಬವಣೆ – ಕಷ್ಟ, ಸಂಕಟ. ಹರದೇಶಿ, ನಾಗೇಶಿ – ಗೀಗೀ ಹಾಡಿನಲ್ಲಿ ಗಂಡಿನ ಪರವಾಗಿ, ಹೆಣ್ಣಿನ ಪರವಾಗಿ ವಾದಿಸಿ ಹಾಡುವ ಮೇಳಗಳು. ಬೊಕ್ಕಸ – ಖಜಾನೆ. ಆಹುತಿ – ಬಲಿ. ಮುಷ್ಕರ – ಕೆಲಸವನ್ನು ನಿಲ್ಲಿಸಿ ಹೂಡುವ ಪ್ರತಿಭಟನೆ. ಹಸುಳೆ – ಎಳೆಯ ಮಗು. ವ್ಯಾಜ್ಯ – ತಕರಾರು, ಮೊಕದ್ದಮೆ. ಸಂಭಾವನೆ – ಕೆಲಸಕ್ಕೆ ಕೊಡುವ ಗೌರವಧನ. ಜೊಳ್ಳು – ಕಾಳಿಲ್ಲದ ತೆನೆ. ಕೇರು – ಮೊರದಿಂದ ಕಾಳನ್ನು ಹಸನು ಮಾಡು.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ:
೧. ಸಿಂಡಿ ಕ್ಯಾಂಪ್‌ಬೆಲ್ ನೃತ್ಯಕೂಟವನ್ನು ಏರ್ಪಡಿಸಿದ ಕಾರಣವೇನು?
೨. ಎಡ್ ಫ್ಲೆಚರನ ಮನಸ್ಸಿನಲ್ಲಿ ಹಾಡಿನ ಬೀಜವನ್ನು ಬಿತ್ತಿದ ಘಟನೆ ಯಾವುದು?
೩. ಹಾಡಿನ ಕೊನೆಯ ಭಾಗವನ್ನು ಮೆಲಿ ಮೆಲ್ ಎಲ್ಲಿಂದ ತಂದನು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
೧. ೧೯೭೦ರ ದಶಕದಲ್ಲಿ ದಕ್ಷಿಣ ಬ್ರಾಂಕ್ಸಿನ ಸ್ಥಿತಿಯನ್ನು ವಿವರಿಸಿರಿ.
೨. ಜೋಸೆಫ್ ಸ್ಯಾಡ್ಲರ್ ತನ್ನ ಕಲೆಯನ್ನು ಬೆಳೆಸಿದ ಬಗೆ ಹೇಗೆ?
೩. ತಂಡದವರು ಹಾಡನ್ನು ನುಡಿಯಲು ಹಿಂಜರಿದುದೇಕೆ? ಅವರ ಹಿಂಜರಿಕೆ ಸರಿಯೆಂದು ನಿಮಗೆ ತೋರುತ್ತದೆಯೇ?

ಇ) ಹತ್ತು ವಾಕ್ಯಗಳಲ್ಲಿ ಉತ್ತರಿಸಿರಿ:
೧. ಒಂದೇ ಹಾಡಿಗೆ ಮೂರು ಪಟ್ಟಿಗಳಲ್ಲಿ ಬೇರೆ ಬೇರೆ ಸ್ಥಾನ ದೊರೆತುದರಿಂದ ನಾವು ತಿಳಿಯಬೇಕಾದುದೇನು?
೨. 'ಹಾಗಾದರೆ ಈ ಹಾಡು ಯಾರದು?' ಈ ಪ್ರಶ್ನೆಗೆ ನಿಮ್ಮ ಉತ್ತರವನ್ನು ಕಾರಣಸಹಿತವಾಗಿ ಬರೆಯಿರಿ.

ಈ) ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ: ಉತ್ತರಾರ್ಧ, ಅತ್ಯಂತ, ಕಣ್ಣೆದುರು, ಬೀದಿಯಲ್ಲಿ.

ಉ) ಸ್ವಂತ ವಾಕ್ಯಗಳಲ್ಲಿ ಬಳಸಿರಿ: ಮನದಟ್ಟಾಗು, ಹಿಂಜರಿ, ಕಣ್ಣಾರೆ, ತಳ್ಳಿಹಾಕು.

ಊ) ನಿಮ್ಮ ಊರಿನಲ್ಲಿ ದುಡಿಮೆಯ ವೇಳೆಯಲ್ಲಿ ಹಾಡುವ, ಅಥವಾ ಹಿಂದೆ ಹಾಡುತ್ತಿದ್ದ ಒಂದು ಹಾಡನ್ನು ಹಿರಿಯರಿಂದ ಕೇಳಿ ಬರೆದುಕೊಂಡು, ಅದರಲ್ಲಿ ಬರುವ ಬಾಳಿನ ಸಂಗತಿಗಳನ್ನು ತರಗತಿಯಲ್ಲಿ ಚರ್ಚಿಸಿರಿ.